ಗಡಿಯಾಚೆಯ ರಾಜಧಾನಿ: ಬೋಟ್ಸ್ವಾನಾ ದೇಶವು ಕಟ್ಟಿಬಂದ ಬಗೆ

ಒಂದು ದೇಶದ ರಾಜಧಾನಿಯು ಆ ದೇಶದ ಎಲ್ಲೆಯೊಳಗೆ ಇರದೆ ನೆರೆಯ ದೇಶದ ನೆಲದಲ್ಲಿರುವುದು ಸಾಧ್ಯವೆ? ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ನಾವು ಈ ಪ್ರಶ್ನೆಯನ್ನು ಕೇಳಿದಾಗ ತರಗತಿಯೆಲ್ಲ ನಕ್ಕಿತು. ಹಿಂದಿನ ಸಾಲಿನ ಹುಡುಗನೊಬ್ಬನು ಮಾತ್ರ ನಗಲಿಲ್ಲ. "ನಮ್ಮಜ್ಜಿ ಇರೂದು ಒಂದು ರಾಜ್ಯ, ಆಕಿ ಸಂತೀಗೆ ಹೋಗೂದು ಇನ್ನೊಂದು ರಾಜ್ಯ. ಹಂಗ ಇದ್ದೀತು ಗುರುಗಳೆ" ಎಂದನು. ಜತ್ತ ತಾಲೂಕಿನ ಮೂಡಣ ಅಂಚಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಗಡಿಯೆಂಬುದು ಭೂಪಟದ ಗೆರೆಯಾಗಿರದೆ ದಿನದಿನದ ದಾರಿಯಾಗಿರುತ್ತದೆ. ಆದುದರಿಂದ ಅವನ ಉತ್ತರವೇ ಸರಿಯಾಗಿದ್ದಿತು.

ದಕ್ಷಿಣ ಆಫ್ರಿಕೆಯ ಉತ್ತರಕ್ಕಿರುವ ಬೋಟ್ಸ್ವಾನಾ ಎಂಬ ದೇಶವು 1966ರ ಸೆಪ್ಟೆಂಬರ್ 30ರಂದು ಸ್ವತಂತ್ರವಾಯಿತು. ಅದಕ್ಕೆ ಮುಂಚೆ ಅದು ಬ್ರಿಟಿಷರ ಆಶ್ರಯದಲ್ಲಿದ್ದ ಬೆಚುವಾನಾಲ್ಯಾಂಡ್. ಆಗಿನ ಅದರ ಆಡಳಿತ ಕಚೇರಿಯೆಲ್ಲ ಇದ್ದುದು ಮಾಫೆಕಿಂಗ್ ಎಂಬ ಊರಿನಲ್ಲಿ; ಮಾಫೆಕಿಂಗ್ ಇದ್ದುದು ದಕ್ಷಿಣ ಆಫ್ರಿಕೆಯ ಗಡಿಯೊಳಗೆ! ತಮ್ಮ ನಾಡಿನಲ್ಲಿ ಒಂದು ರಾಜಧಾನಿಯನ್ನು ಕಟ್ಟುವಷ್ಟು ಖರ್ಚಿಗೂ ಆ ನಾಡು ಯೋಗ್ಯವಲ್ಲವೆಂದು ಆಳುವವರು ಎಣಿಸಿದ್ದರೆಂದು ಇದರಿಂದಲೇ ತಿಳಿಯಬಹುದು. ಇನ್ನೊಂದು ಸಂಗತಿಯು ನಮ್ಮಂಥವರ ಮನಸ್ಸನ್ನು ಬೇಗನೆ ತಟ್ಟತಕ್ಕದ್ದು. ಈ ದೇಶದ ಹೆಸರು ಬಂದುದು ತ್ಸ್ವಾನಾ ಜನರಿಂದ, ಭಾಷೆ ಸೆಟ್ಸ್ವಾನಾ. ಆದರೆ ಆ ಭಾಷೆಯನ್ನಾಡುವವರಲ್ಲಿ ಹೆಚ್ಚಿನವರು ಬೋಟ್ಸ್ವಾನಾದಲ್ಲಿಲ್ಲ. ಗಡಿಯಾಚೆ ದಕ್ಷಿಣ ಆಫ್ರಿಕೆಯಲ್ಲಿದ್ದಾರೆ.

ಈ ದೇಶವನ್ನು ಚಿಕ್ಕದೆಂದು ಕರೆಯುವುದು ಜನಸಂಖ್ಯೆಯನ್ನು ನೋಡಿ. ವಿಸ್ತಾರದಲ್ಲಿ ಅದು ಕರ್ನಾಟಕದ ಮೂರರಷ್ಟಿದೆ. ಆದರೆ ಬಹುಭಾಗ ಕಾಲಹಾರಿಯ ಮರಳು. ಸ್ವಾತಂತ್ರ್ಯದ ಹೊತ್ತಿಗೆ ಇದ್ದ ಜನರು ಐದಾರು ಲಕ್ಷ ಮಾತ್ರ.

ಬೆಚುವಾನಾಲ್ಯಾಂಡ್ 1885ರಲ್ಲಿ ಬ್ರಿಟಿಷರ ಆಶ್ರಯಕ್ಕೆ ಬಂದಿತು. ಹತ್ತು ವರ್ಷ ತುಂಬುವುದರೊಳಗೆ ಅದನ್ನು ಸೆಸಿಲ್ ರೋಡ್ಸ್ ಎಂಬ ಧನಾಢ್ಯನ ಕಂಪನಿಯ ಕೈಗೆ ಒಪ್ಪಿಸುವ ಮಾತು ನಡೆಯಿತು. ಆಗ 1895ರಲ್ಲಿ ಬಾಂಗ್ವಾಟೋ ಬುಡಕಟ್ಟಿನ ಮೂರನೆಯ ಖಾಮಾ, ಬಾಕ್ವೇನಾ ಬುಡಕಟ್ಟಿನ ಸೆಬೆಲೆ, ಬಾಂಗ್ವಾಕೆತ್ಸೆ ಬುಡಕಟ್ಟಿನ ಬಾತೋಯೆನ್ ಎಂಬ ಮೂವರು ಅರಸರು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಮಂತ್ರಿಯಾದ ಚೇಂಬರ್ಲೇನನನ್ನು ಕಂಡು ಅಹವಾಲು ಹೇಳಿಕೊಂಡು ಸುಮ್ಮನಾಗದೆ, ಪಾದ್ರಿಗಳ ನೆರವಿನಿಂದ ಊರೂರು ತಿರುಗಿ, ಇಂಗರ್ಜಿಗಳಲ್ಲಿಯೂ ಸಭಾಗೃಹಗಳಲ್ಲಿಯೂ ಆ ದೇಶದ ಸಾಮಾನ್ಯ ಜನರ ಮುಂದೆ ತಮ್ಮ ಕಥೆಯನ್ನಿಟ್ಟರು. ಖಾಮಾ ಅರಸನು ಮದ್ಯಪಾನದ ಕಡುವೈರಿ. ಆ ಕಾಲದ ಇಂಗ್ಲೆಂಡಿನ ಪಾನನಿರೋಧಿಗಳಿಗೆ ಅವನು ಅಚ್ಚುಮೆಚ್ಚಾದನು. ಮತದಾರರ ಮನಸ್ಸು ಅರಸರ ಕಡೆಗೆ ವಾಲಿದುದನ್ನು ಕಂಡು ಸರಕಾರವು ಹಿಂದೆಗೆಯಿತು. ರೈಲುಹಾದಿಗೆಂದು ಒಂದು ಪಟ್ಟಿ ನೆಲವನ್ನು ಬಿಟ್ಟುಕೊಟ್ಟು ಅವರು ನಾಡನ್ನುಳಿಸಿಕೊಂಡರು. ಅದೇ ವರ್ಷದ ಕೊನೆಯಲ್ಲಿ ರೋಡ್ಸನ ಕಡೆಯವರು ಟ್ರಾನ್ಸ್‌ವಾಲಿನ ಮೇಲೆ ದಾಳಿಮಾಡಿ ಮುಖಭಂಗ ಹೊಂದಿದ್ದರಿಂದ ಆ ಗಂಡಾಂತರವು ದೂರವಾಯಿತು. ಆದರೂ ಮುಂದೆ ಒಂದು ದಿನ ಈ ನಾಡನ್ನು ದಕ್ಷಿಣ ಆಫ್ರಿಕೆಯ ಒಕ್ಕೂಟಕ್ಕೆ ಸೇರಿಸಬಹುದೆಂಬ ಏರ್ಪಾಟು 1909ರ ಕಾನೂನಿನಲ್ಲಿ ಉಳಿದೇ ಇದ್ದಿತು. ಕತ್ತಿಯು ಕೆಳಗಿಳಿಯಲಿಲ್ಲ, ತೂಗುತ್ತಲೇ ಇದ್ದಿತು.

ನಮ್ಮ ಕಥಾನಾಯಕನಾದ ಸೆರೆತ್ಸೆ ಖಾಮಾ ಈ ಮೂರನೆಯ ಖಾಮಾನ ಮೊಮ್ಮಗನು. 1921ರಲ್ಲಿ ಸೆರೋವೆ ಎಂಬ ದೊಡ್ಡ ಹಳ್ಳಿಯಲ್ಲಿ ಹುಟ್ಟಿದನು. ನಾಲ್ಕು ವರ್ಷದವನಿರುವಾಗ ತಂದೆ ತೀರಿಕೊಂಡದ್ದರಿಂದ ಚಿಕ್ಕಪ್ಪನಾದ ಚೆಕೆದಿ ಖಾಮಾ ಅಧಿಕಾರವನ್ನು ವಹಿಸಿಕೊಂಡು, ಹುಡುಗನನ್ನು ಮಗನಂತೆ ಸಾಕಿ ಓದಿಸಿದನು. ಟೈಗರ್ ಕ್ಲೂಫ್ ಎಂಬ ಮಿಶನ್ ಶಾಲೆ, ಫೋರ್ಟ್ ಹೇರ್ ಕಾಲೇಜು, ಆಮೇಲೆ ಆಕ್ಸ್‌ಫರ್ಡ್, ಲಂಡನ್ನಿನಲ್ಲಿ ಕಾಯಿದೆಯ ವ್ಯಾಸಂಗ, ಹೀಗೆ ಓದು ಮುಂದುವರಿಯಿತು. ಲಂಡನ್ನಿನಲ್ಲಿ 1947ರಲ್ಲಿ ರೂತ್ ವಿಲಿಯಮ್ಸ್ ಎಂಬ ಬಿಳಿಯ ತರುಣಿಯ ಪರಿಚಯವಾಯಿತು. ಆಕೆ ಒಂದು ವಿಮಾ ಸಂಸ್ಥೆಯಲ್ಲಿ ಗುಮಾಸ್ತೆ. ಮರುವರ್ಷದ ಸೆಪ್ಟೆಂಬರಿನಲ್ಲಿ ಇಬ್ಬರೂ ಲಗ್ನವಾದರು.

ಇಬ್ಬರ ಮದುವೆಯೊಂದು ಮೂರು ಸರಕಾರಗಳ ನಿದ್ದೆಗೆಡಿಸಿತೆಂದರೆ ಇಂದಿನ ತರುಣರು ನಂಬಲಾರರು. ಮೊದಲು ಕೆರಳಿದವನು ಚಿಕ್ಕಪ್ಪ. ಅರಸನಾಗತಕ್ಕವನು ಹಿರಿಯರನ್ನು ಕೇಳದೆ, ಬುಡಕಟ್ಟಿನ ಹೊರಗೆ ಹೆಣ್ಣು ತಂದನೆಂಬುದು ಅವನ ಆಕ್ಷೇಪ. ಇದನ್ನು ವರ್ಣದ್ವೇಷವೆಂದು ತಳ್ಳಿಹಾಕಲಾಗದು; ನಮ್ಮ ಊರುಗಳ ಯಾವ ಹಿರಿಯನಾದರೂ ಅದೇ ಮಾತನ್ನಾಡುತ್ತಿದ್ದನು. ವಿಷಯವು ಖೋಟ್ಲಾದ ಮುಂದೆ ಬಂದಿತು. ಖೋಟ್ಲಾ ಎಂದರೆ ಊರಿನ ನಡುವೆ ಕಂಬಗಳ ಬೇಲಿಯೊಳಗೆ ಕೂಡುವ ಸಭೆ. ನಮ್ಮ ಚಾವಡಿಯಿದ್ದ ಹಾಗೆ. ಅಲ್ಲಿ ಅರಸನು ಎಲ್ಲರ ಮಾತು ಮುಗಿಯುವವರೆಗೆ ಕೇಳಬೇಕು, ತಪ್ಪು ಮಾತನ್ನಾಡುವವನಿಗೂ ಆಡುವ ಹಕ್ಕುಂಟು. 1948ರ ಎರಡು ಸಭೆಗಳಲ್ಲಿ ಹಿರಿಯರ ಒಲವು ಮದುವೆಗೆ ವಿರೋಧವಾಗಿತ್ತು. 1949ರ ಜೂನ್‌ನಲ್ಲಿ ಮೂರನೆಯ ಸಲ ಸಾವಿರಾರು ಜನ ಸೇರಿದರು. ಈ ಸಲ ಸೆರೆತ್ಸೆ ನೇರವಾಗಿಯೇ ಕೇಳಿದನು: ನನ್ನನ್ನೂ ನನ್ನ ಹೆಂಡತಿಯನ್ನೂ ಒಪ್ಪುವವರು ಯಾರು? ಜನಸಮೂಹವೇ ಎದ್ದು ನಿಂತಿತು. ಚೆಕೆದಿ ಊರನ್ನು ಬಿಟ್ಟು ಹೊರಟುಹೋದನು.

ಮನೆಯ ಜಗಳವು ಮನೆಯಲ್ಲಿಯೇ ತೀರಿತೆನ್ನುವಷ್ಟರಲ್ಲಿ ಹೊರಗಿನ ಜಗಳವು ಪ್ರಾರಂಭವಾಯಿತು. 1948ರಲ್ಲಿ ದಕ್ಷಿಣ ಆಫ್ರಿಕೆಯಲ್ಲಿ ವರ್ಣಭೇದ ನೀತಿಯ ಪಕ್ಷವು ಅಧಿಕಾರಕ್ಕೆ ಬಂದು, ಮರುವರ್ಷವೇ ಬಿಳಿಯರೂ ಇತರರೂ ಮದುವೆಯಾಗುವುದನ್ನು ಕಾನೂನಿನಿಂದ ನಿಷೇಧಿಸಿತ್ತು. ಗಡಿಗೆ ಅಂಟಿಕೊಂಡ ನಾಡಿನ ಅರಸೊತ್ತಿಗೆಯ ಮೇಲೆ ಕರಿಯ ಗಂಡನೂ ಬಿಳಿಯ ಹೆಂಡತಿಯೂ ಕೂಡುವುದು ಅವರಿಗೆ ಸಹಿಸದಾಯಿತು. ಬ್ರಿಟನ್ನಿಗಾದರೋ ಆ ದೇಶದ ಚಿನ್ನ ಬೇಕು, ಯುರೇನಿಯಂ ಬೇಕು. ಅಟ್ಲಿಯವರ ಕಾರ್ಮಿಕ ಸರಕಾರವು ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಸೆರೆತ್ಸೆ ಅರಸನಾಗಲು ಎಲ್ಲ ವಿಧದಿಂದಲೂ ಯೋಗ್ಯನೆಂದು ಸಮಿತಿಯೇ ಕಂಡುಕೊಂಡಿತು. ಆದರೆ ನೆರೆಯವರು ಒಪ್ಪರಾದ್ದರಿಂದ ಅವನನ್ನು ಮಾನ್ಯಮಾಡಕೂಡದೆಂದೂ ಹೇಳಿತು. ಇಂಥ ವರದಿಯನ್ನು ಪ್ರಕಟಿಸಲು ಯಾವ ಸರಕಾರಕ್ಕೆ ಮುಖವಿದ್ದೀತು? ಅದನ್ನು ದಶಕಗಳ ಕಾಲ ಮುಚ್ಚಿಟ್ಟರು. 1950ರಲ್ಲಿ ಸೆರೆತ್ಸೆಯನ್ನು ಮಾತುಕತೆಗೆಂದು ಲಂಡನ್ನಿಗೆ ಕರೆಯಿಸಿಕೊಂಡು ಅರಸೊತ್ತಿಗೆಯಿಂದ ದೂರವಿರಿಸಿ ನಾಡುಗಡಿಪಾರು ವಿಧಿಸಿದರು. 1952ರಲ್ಲಿ ಮುಂದಿನ ಸರಕಾರವು ಅದನ್ನು ಶಾಶ್ವತವೆಂದು ಸಾರಿತು. ದೂರದ ಜಮೈಕಾದಲ್ಲಿ ಒಂದು ನೌಕರಿಯನ್ನು ಕೊಡುತ್ತೇವೆಂದು ಆಸೆ ತೋರಿಸಿದ್ದೂ ಉಂಟು. ಅವನು ಒಪ್ಪಲಿಲ್ಲ. ಬಾಂಗ್ವಾಟೋ ಜನರೂ ಹಟ ಬಿಡಲಿಲ್ಲ. ಬೇರೊಬ್ಬ ಅರಸನನ್ನು ಆರಿಸಿಕೊಳ್ಳಿರೆಂದರೆ ಅವರು ಕೇಳಲೇ ಇಲ್ಲ.

ಈ ಬಿಕ್ಕಟ್ಟನ್ನು ಬಿಡಿಸಿದವರು ಚಿಕ್ಕಪ್ಪ ಮಗನೇ. ಇಬ್ಬರೂ ರಾಜಿಯಾಗಿ, ಇಬ್ಬರೂ ಅರಸೊತ್ತಿಗೆಯ ಹಕ್ಕನ್ನು ಬಿಟ್ಟುಕೊಟ್ಟರು. 1956ರಲ್ಲಿ ಸೆರೆತ್ಸೆ ಸಾಮಾನ್ಯ ಪ್ರಜೆಯಾಗಿ ಮನೆಗೆ ಮರಳಿದನು. ನಮ್ಮ ಭಾಗದ ಜತ್ತ, ಅಕ್ಕಲಕೋಟೆ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಸಂಗತಿಯನ್ನು ನಾವು ಹಿರಿಯರಿಂದ ಕೇಳಿ ಬಲ್ಲೆವು. ಅಲ್ಲಿ ಹೊಸ ರಾಷ್ಟ್ರವು ಸಂಸ್ಥಾನಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಇಲ್ಲಿ ರಾಷ್ಟ್ರವಿನ್ನೂ ಹುಟ್ಟಿರಲಿಲ್ಲ. ಅರಸು ಪಟ್ಟವನ್ನಿಳಿಸಿಟ್ಟು ಹತ್ತು ವರ್ಷದ ಮೇಲೆ ರಾಷ್ಟ್ರವು ಹುಟ್ಟಿತು. ಬಾಂಗ್ವಾಟೋಗಳ ಅರಸನಾಗಿಯೇ ಉಳಿದಿದ್ದರೆ ಸೆರೆತ್ಸೆ ಇತರ ಬುಡಕಟ್ಟುಗಳ ಪಾಲಿಗೆ ನೆರೆಯ ಅರಸನಾಗಿರುತ್ತಿದ್ದನೇ ಹೊರತು ನಾಯಕನಾಗುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. ಅವನಿಗೆ ಅನ್ಯಾಯ ಮಾಡಿದವರೇ ತಿಳಿಯದೆ ಅವನನ್ನು ದೊಡ್ಡವನನ್ನಾಗಿ ಮಾಡಿದರು.

1962ರಲ್ಲಿ ಅವನು ಡೆಮಾಕ್ರಟಿಕ್ ಪಕ್ಷವನ್ನು ಸ್ಥಾಪಿಸಿದನು. ಅವನ ಜೊತೆಗೆ ನಿಂತವರು ಕ್ವೆಟ್ ಮಸಿರೆ. ಈ ಮಸಿರೆಯವರ ವಿಷಯವನ್ನು ಉಪಾಧ್ಯಾಯರಾದ ನಾವು ತುಸು ನಿಧಾನವಾಗಿಯೇ ಹೇಳಬೇಕು. ಅವರು ಅರಸು ಮನೆತನದವರಲ್ಲ. ಕಾನ್ಯೆ ಎಂಬ ಊರಿನಲ್ಲಿ ದನ ಕಾಯ್ದು, ವಿದ್ಯಾರ್ಥಿವೇತನದಿಂದ ಟೈಗರ್ ಕ್ಲೂಫಿನಲ್ಲಿ ಓದಿ, ತಾಯಿತಂದೆಗಳು ತೀರಿಹೋದದ್ದರಿಂದ ಮುಂದಿನ ವ್ಯಾಸಂಗವನ್ನು ಬಿಟ್ಟು ಒಡಹುಟ್ಟಿದವರನ್ನು ಸಾಕಲು ಶಿಕ್ಷಕರಾದವರು. 1950ರಲ್ಲಿ ಕಾನ್ಯೆಯಲ್ಲಿ ಮಾಧ್ಯಮಿಕ ಶಾಲೆಯೊಂದನ್ನು ತೆರೆದು ಅದರ ಮುಖ್ಯಾಧ್ಯಾಪಕರಾದರು. ಶಾಲೆಯ ವಿಷಯವಾಗಿ ಅಲ್ಲಿನ ಅರಸನಾದ ಎರಡನೆಯ ಬಾತೋಯೆನನಿಗೂ ಅವರಿಗೂ ತಿಕ್ಕಾಟ ಬಂದಿತು. ಆಮೇಲೆ ಬೇಸಾಯ, ಪತ್ರಿಕೋದ್ಯಮ, ರಾಜಕಾರಣ. 1965ರ ಮಾರ್ಚಿಯ ಚುನಾವಣೆಯಲ್ಲಿ ಇವರ ಪಕ್ಷವು 31 ಸ್ಥಾನಗಳಲ್ಲಿ 28ನ್ನು ಗೆದ್ದಿತು. ಸೆರೆತ್ಸೆ ಪ್ರಧಾನಮಂತ್ರಿಯಾಗಿ, ಸ್ವಾತಂತ್ರ್ಯದ ದಿನದಿಂದ ರಾಷ್ಟ್ರಾಧ್ಯಕ್ಷನಾದನು. ಮಸಿರೆಯವರು ಉಪಾಧ್ಯಕ್ಷರು.

ಆ ಹೊತ್ತಿಗಾಗಲೇ ರಾಜಧಾನಿಯು ಗಡಿಯೊಳಕ್ಕೆ ಬಂದಿದ್ದಿತು. ಹೊಸ ಪಟ್ಟಣಕ್ಕೆ ಸೆರೋವೆಯನ್ನಾಗಲಿ ಬೇರೆ ಯಾವ ದೊಡ್ಡ ಬುಡಕಟ್ಟಿನ ಮುಖ್ಯ ಊರನ್ನಾಗಲಿ ಆರಿಸಲಿಲ್ಲ. ರೈಲುಹಾದಿಯ ಬಳಿ, ನೀರಿಗೆ ಅಣೆಕಟ್ಟು ಕಟ್ಟಲು ಬರುವಂಥ ಸರಕಾರೀ ನೆಲವೊಂದನ್ನು ಹಿಡಿದರು. 1964ರಲ್ಲಿ ಕೆಲಸ ಹಿಡಿದು 1965ರಲ್ಲಿ ಕಚೇರಿಗಳು ಮಾಫೆಕಿಂಗಿನಿಂದ ಹೊರಟು ಬಂದುವು. ಇದೇ ಇಂದಿನ ಗಾಬೊರೋನೆ.

ಕೈಗೆ ಬಂದ ದೇಶದ ಸ್ಥಿತಿ ಮಾತ್ರ ಕನಿಕರ ಹುಟ್ಟಿಸುವಂತಿತ್ತು. ಡಾಂಬರು ರಸ್ತೆ ಇಡೀ ದೇಶದಲ್ಲಿ 12 ಕಿಲೋಮೀಟರ್, ವಿಶ್ವವಿದ್ಯಾಲಯದ ಪದವೀಧರರು 22 ಜನ ಎಂದು ಗ್ರಂಥಗಳಲ್ಲಿ ಕೊಡುವ ಲೆಕ್ಕ. ಜನರ ಜೀವನಕ್ಕೆ ಆಧಾರ ದನಗಳು. ಅರವತ್ತರ ದಶಕದ ನಡುವಿನ ಬರಗಾಲದಲ್ಲಿ ಅವುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಸತ್ತುಹೋಗಿದ್ದುವು. ಸರಕಾರದ ದಿನದ ಖರ್ಚಿಗೂ ಬ್ರಿಟನ್ನಿನ ಸಹಾಯಧನ ಬರಬೇಕಾಗಿತ್ತು. ಆ ನಾಡಿನವರ ರಾಷ್ಟ್ರಘೋಷ 'ಪುಲಾ' ಎಂಬುದು. ಅದರ ಅರ್ಥ ಮಳೆ. ಸಭೆಯಲ್ಲಿ ಮೆಚ್ಚುಗೆಗೂ ಪುಲಾ, ಹರಕೆಗೂ ಪುಲಾ. 1976ರಲ್ಲಿ ದಕ್ಷಿಣ ಆಫ್ರಿಕೆಯ ರ್ಯಾಂಡನ್ನು ಬಿಟ್ಟು ಸ್ವಂತ ನಾಣ್ಯ ಮಾಡಿದಾಗ ಅದಕ್ಕೂ ಪುಲಾ ಎಂದೇ ಹೆಸರಿಟ್ಟರು. ಬಾವುಟದ ಬಣ್ಣವೂ ನೀರಿನ ನೀಲಿ. ನಮ್ಮ ತಾಲೂಕಿನ ಬರದ ವರ್ಷಗಳಲ್ಲಿ ದನದ ಛಾವಣಿಗಳಲ್ಲಿ ತಮ್ಮ ಖಿಲಾರಿ ಎತ್ತುಗಳ ಪಕ್ಕದಲ್ಲಿಯೇ ಮಲಗಿ ತಿಂಗಳುಗಟ್ಟಲೆ ಕಳೆದ ರೈತರನ್ನು ಕಂಡವರಿಗೆ ಈ ಹೆಸರಿನ ವಿವರಣೆಯೇ ಬೇಡ.

ಬಡ ದೇಶವು ಶ್ರೀಮಂತವಾದ ಬಗೆಯನ್ನು ಹೇಳುವವರೆಲ್ಲ ವಜ್ರದ ಕಥೆಯನ್ನು ಹೇಳುತ್ತಾರೆ. 1967ರಲ್ಲಿ ಓರಾಪಾದಲ್ಲಿ ವಜ್ರದ ನಿಕ್ಷೇಪ ಸಿಕ್ಕಿತು, 1971ರಲ್ಲಿ ಗಣಿ ತೆರೆಯಿತು, 1982ರಲ್ಲಿ ಜ್ವಾನೆಂಗ್ ಗಣಿ ಬಂದಿತು, ಇದೆಲ್ಲ ನಿಜ. ಆದರೆ ವಜ್ರ ಸಿಕ್ಕ ಆಫ್ರಿಕೆಯ ದೇಶಗಳು ಇನ್ನೂ ಕೆಲವಿವೆ, ಅಲ್ಲಿ ವಜ್ರವು ಕಾಳಗದ ಖರ್ಚಾಯಿತು. ವ್ಯತ್ಯಾಸವೆಲ್ಲಿ? ಅದುವರೆಗೆ ಭೂಗರ್ಭದ ಸಂಪತ್ತು ಆಯಾ ಬುಡಕಟ್ಟಿನದಾಗಿದ್ದಿತು. ಅದು ರಾಷ್ಟ್ರದ್ದಾಗಬೇಕೆಂದು ಇವರ ಪಕ್ಷವು ಚುನಾವಣೆಗೆ ಮುಂಚೆಯೇ ಹೇಳಿತ್ತು. 1967ರ ಗಣಿ ಕಾನೂನಿನಿಂದ ಅದನ್ನು ನಡೆಸಿಯೂ ತೋರಿಸಿತು. ಓರಾಪಾ ಇರುವುದು ಯಾರ ನೆಲದಲ್ಲಿ? ಬಾಂಗ್ವಾಟೋಗಳ ನೆಲದಲ್ಲಿ, ಅಂದರೆ ಸೆರೆತ್ಸೆಯ ಸ್ವಂತ ಬುಡಕಟ್ಟಿನ ನೆಲದಲ್ಲಿ. ತನ್ನವರ ಪಾಲನ್ನು ಎಲ್ಲರಿಗೂ ಹಂಚುವ ಕಾನೂನನ್ನು ಅವನೇ ಮುಂದೆ ನಿಂತು ಮಾಡಿಸಿದನಾದ್ದರಿಂದ ಬೇರೆಯವರು ತಕರಾರು ಎತ್ತಲು ದಾರಿಯೇ ಉಳಿಯಲಿಲ್ಲ. ಗಣಿ ಕಂಪನಿಯಲ್ಲಿ ಸರಕಾರಕ್ಕೆ ಮೊದಲಿದ್ದ ಪಾಲು ನೂರಕ್ಕೆ 15; 1975ರಲ್ಲಿ ಪಟ್ಟುಹಿಡಿದು ಅದನ್ನು 50ಕ್ಕೆ ಏರಿಸಿಕೊಂಡರು. ಹಣಕಾಸನ್ನೂ ಯೋಜನೆಯನ್ನೂ ಒಂದೇ ಖಾತೆಯಲ್ಲಿಟ್ಟುಕೊಂಡು ಮಸಿರೆಯವರು ಮುಖ್ಯಾಧ್ಯಾಪಕನು ಹಾಜರಿ ಪುಸ್ತಕವನ್ನು ನೋಡುವಂತೆ ಲೆಕ್ಕ ನೋಡಿದರು. 1972ರ ಹೊತ್ತಿಗೆ ದಿನದ ಖರ್ಚಿಗೆ ಬ್ರಿಟನ್ನಿನ ಹಣ ಬೇಕಾಗದಾಯಿತು. ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ 1994ರಲ್ಲಿ ಮೇಲೆದ್ದು ಬಂದ ಮೊಟ್ಟಮೊದಲ ದೇಶ ಇದೇ.

ಅರಸರ ಅಧಿಕಾರವನ್ನು ಕಳೆದ ಬಗೆಯೂ ವಿಚಾರಾರ್ಹವಾಗಿದೆ. ಅವರನ್ನು ಅಟ್ಟಲಿಲ್ಲ, ಸಲಹೆ ಕೊಡಲೆಂದು ಅರಸರ ಸಭೆಯೊಂದನ್ನು ಕಟ್ಟಿ ಕೂಡಿಸಿದರು. ಆಮೇಲೆ 1968ರ ಕಾನೂನಿನಿಂದ ಭೂಮಿ ಹಂಚುವ ಹಕ್ಕನ್ನು ಅವರ ಕೈಯಿಂದ ತೆಗೆದು ಭೂಮಂಡಳಿಗಳಿಗೆ ಕೊಟ್ಟರು. ಎರಡನೆಯ ಬಾತೋಯೆನನು ಇದನ್ನು ನುಂಗಿಕೊಳ್ಳಲಾರದೆ 1969ರಲ್ಲಿ ಪಟ್ಟವನ್ನೇ ಬಿಟ್ಟು, ವಿರೋಧಪಕ್ಷದಿಂದ ಚುನಾವಣೆಗೆ ನಿಂತನು. ನಿಂತದ್ದು ಮಸಿರೆಯವರ ಎದುರಿಗೆ, ಗೆದ್ದದ್ದೂ ಅವನೇ! ದೇಶದ ಉಪಾಧ್ಯಕ್ಷನು ತನ್ನ ಊರಿನಲ್ಲಿಯೇ ತನ್ನ ಹಳೆಯ ಅರಸನಿಗೆ ಸೋತನು. ಮಸಿರೆಯವರನ್ನು ನಾಮಕರಣದ ಸ್ಥಾನದಿಂದ ಒಳಗೆ ತಂದುಕೊಂಡರಾದರೂ, ಗೆದ್ದವನ ಗೆಲುವನ್ನು ಯಾರೂ ಅಳಿಸಲಿಲ್ಲ. ಮುಂದೆ 58 ವರ್ಷ ಸತತವಾಗಿ ಆಳಿದ ಪಕ್ಷವು 2024ರ ಚುನಾವಣೆಯಲ್ಲಿ ನಾಲ್ಕೇ ಸ್ಥಾನಗಳಿಗೆ ಇಳಿದಾಗ, ಅಂದಿನ ಅಧ್ಯಕ್ಷರು ಎಣಿಕೆ ಮುಗಿಯುವ ಮೊದಲೇ ಸೋಲನ್ನೊಪ್ಪಿ ಡೂಮಾ ಬೋಕೊ ಅವರಿಗೆ ಅಧಿಕಾರವನ್ನು ಬಿಟ್ಟುಕೊಟ್ಟರು. ಕಾನ್ಯೆಯ ಆ ಸೋಲನ್ನು ನೆನೆದರೆ ಈ ಸಂಗತಿಯು ಅಷ್ಟಾಗಿ ಆಶ್ಚರ್ಯವೆನಿಸುವುದಿಲ್ಲ.

ಇಷ್ಟು ಹೊಗಳಿದ ಮೇಲೆ, ಗಡಿನಾಡಿನ ಶಿಕ್ಷಕರಾಗಿ ನಾವು ಮರೆಮಾಚಲಾಗದ ಮಾತೊಂದಿದೆ. ಒಂದು ರಾಷ್ಟ್ರಕ್ಕೆ ಒಂದು ನುಡಿಯೆಂದು ಇವರು ಸೆಟ್ಸ್ವಾನಾವನ್ನು ರಾಷ್ಟ್ರಭಾಷೆಯನ್ನಾಗಿಯೂ ಇಂಗ್ಲಿಷನ್ನು ಕಚೇರಿಯ ಭಾಷೆಯನ್ನಾಗಿಯೂ ಮಾಡಿದರು. ಆದರೆ ಆ ನಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ನುಡಿಗಳಿವೆ. ಈಶಾನ್ಯದ ಕಾಲಂಗಾ ಭಾಷೆಯನ್ನು ಸ್ವಾತಂತ್ರ್ಯಕ್ಕೆ ಮುಂಚೆ ಕೆಲವು ಶಾಲೆಗಳಲ್ಲಿ ಕಲಿಸುತ್ತಿದ್ದರು. ತರುವಾಯ ಅದು ನಿಂತಿತು. ಸಂವಿಧಾನದಲ್ಲಿ ಎಂಟು ತ್ಸ್ವಾನಾ ಬುಡಕಟ್ಟುಗಳ ಹೆಸರಷ್ಟೇ ಇದ್ದುವು. ಉಳಿದವರು ಹೆಸರಿಲ್ಲದ ಪ್ರಜೆಗಳು. 2000ದಲ್ಲಿ ಒಂದು ಆಯೋಗ ಕೂಡಿ, 2005ರಲ್ಲಿ ತಿದ್ದುಪಡಿಯಾಗಿ ಅರಸರ ಸಭೆಯು ವಿಸ್ತಾರವಾದರೂ, ತಮ್ಮ ನುಡಿಗೆ ನ್ಯಾಯ ದೊರೆಯಿತೆಂದು ಆ ಜನರು ಒಪ್ಪಲಿಲ್ಲ. ಎಲ್ಲರಿಗಿಂತ ಮೊದಲು ಆ ನೆಲದಲ್ಲಿದ್ದ ಸಾನ್ ಜನರನ್ನು ಕಾಲಹಾರಿಯ ಅಭಯಾರಣ್ಯದಿಂದ 1997ರಲ್ಲಿಯೂ 2002ರಲ್ಲಿಯೂ ಹೊರಕ್ಕೆ ಸಾಗಿಸಿದರು. 2006ರಲ್ಲಿ ಅದೇ ದೇಶದ ಉಚ್ಚ ನ್ಯಾಯಾಲಯವು ಇದು ಅಕ್ರಮವೆಂದು ತೀರ್ಪಿತ್ತಿತು. ಸೆಟ್ಸ್ವಾನಾ ಮಾತಾಡುವ ಮಗು ಗಡಿಯಾಚೆ ಅಲ್ಪಸಂಖ್ಯಾತನೆನಿಸಿದಾಗ ಆಗುವ ನೋವನ್ನು ಬಲ್ಲ ಜನರು, ಗಡಿಯೀಚೆ ಕಾಲಂಗಾ ಮಗುವಿನ ನೋವನ್ನು ಏಕೆ ಕಾಣದಾದರೋ! ಮನೆಯ ಮಾತೊಂದು, ಪಾಟಿಯ ಮೇಲಿನ ಮಾತೊಂದು ಆದ ಮಗುವಿನ ಮುಖವು ನಮ್ಮ ಓದುಗರಾದ ಶಿಕ್ಷಕರಿಗೆ ಚೆನ್ನಾಗಿ ಪರಿಚಿತವಾದುದು. ಒಕ್ಕಟ್ಟಿನ ಅವಸರದಲ್ಲಿ ಸೆರೆತ್ಸೆ ಈ ಮುಖವನ್ನು ನೋಡಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಇದು ಇನ್ನೂ ವಿಚಿತ್ರವೆನಿಸುವುದು ಏಕೆಂದರೆ, ಅವಮಾನಿತರ ಇತಿಹಾಸವು ಎಂಥದೆಂದು ಅವನಷ್ಟು ಬಲ್ಲವರು ಕಡಿಮೆ. 1970ರಲ್ಲಿ ವಿಶ್ವವಿದ್ಯಾಲಯದ ಕುಲಪತಿಯಾಗಿ ಮಾತಾಡುತ್ತ, ನಮ್ಮನ್ನು ನಾವೇ ಕೀಳೆಂದು ಎಣಿಸುವಂತೆ ನಮಗೆ ಕಲಿಸಲಾಯಿತೆಂದೂ, ನಮ್ಮ ಪೂರ್ವಕಾಲವನ್ನು ನಾವೇ ಹುಡುಕಿ ಬರೆಯಬೇಕೆಂದೂ ಅವನು ಹೇಳಿದನು. ಈ ಸಂಚಿಕೆಯಂಥವುಗಳನ್ನು ಹೊರತರುವವರೆಲ್ಲರೂ ಬಲ್ಲ ಮಾತೇ ಅದು.

ಆ ವಿಶ್ವವಿದ್ಯಾಲಯವಾದರೂ ಅವನ ದೇಶದಲ್ಲಿರಲಿಲ್ಲ! ಬೋಟ್ಸ್ವಾನಾ, ಲೆಸೋಥೋ, ಸ್ವಾಜಿಲ್ಯಾಂಡ್ ಮೂರಕ್ಕೂ ಸೇರಿ ಇದ್ದ ಅದರ ಮುಖ್ಯ ಸ್ಥಾನ ಲೆಸೋಥೋದ ರೋಮಾ ಎಂಬ ಊರು. 1975ರ ಅಕ್ಟೋಬರದಲ್ಲಿ ಲೆಸೋಥೋ ಸರಕಾರವು ಅದನ್ನು ತನ್ನದೇ ಎಂದು ಸಾರಿಕೊಂಡಿತು. ಬೋಟ್ಸ್ವಾನಾದ ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದರು. ಹತ್ತು ವರ್ಷ ಹಿಂದೆ ಕಚೇರಿಗಳು ಗಡಿ ದಾಟಿ ಬಂದಂತೆಯೇ ಈಗ ವಿದ್ಯೆಯೂ ಗಡಿ ದಾಟಿ ಬಂದಿತು. ಆದರೆ ಕೂಡಲು ಮನೆಯಿಲ್ಲ. 1976ರಲ್ಲಿ ಸೆರೆತ್ಸೆ ಜನರಿಗೆ ಕರೆಕೊಟ್ಟನು: 'ಮೊಥೊ ಲೆ ಮೊಥೊ ಖೋಮೊ', ಅಂದರೆ ಆಳಿಗೊಂದು ದನ. ಸೆರೋವೆಯ ಬಳಿ ಪ್ಯಾಟ್ರಿಕ್ ವ್ಯಾನ್ ರೆನ್ಸ್‌ಬರ್ಗ್ ಎಂಬವರು 1963ರಲ್ಲಿ ಸ್ವಾನೆಂಗ್ ಹಿಲ್ ಶಾಲೆಯನ್ನು ತೆರೆದು, ಹುಡುಗರ ಕೈಯಿಂದಲೇ ಗೋಡೆ ಕಟ್ಟಿಸಿದ್ದುದನ್ನು ಕಂಡಿದ್ದ ಜನಕ್ಕೆ ಈ ಕರೆ ಹೊಸದೆನಿಸಲಿಲ್ಲ. ದನವಿದ್ದವರು ದನ ಕೊಟ್ಟರು. ಇಲ್ಲದವರು ಕಾಳು ತಂದರು, ರೊಕ್ಕ ತಂದರು, ಮುದುಕಿಯರು ಮೊಟ್ಟೆ ತಂದರು. ತಾವು ಅಕ್ಷರ ಕಾಣದವರು ತಮ್ಮ ಮಕ್ಕಳಿಗೂ ಅಲ್ಲ, ಯಾರದೋ ಮಕ್ಕಳಿಗೆ ಕೊಟ್ಟರು.

ಸೆರೆತ್ಸೆ ಆ ವಿಶ್ವವಿದ್ಯಾಲಯವು ಪೂರ್ಣವಾಗುವುದನ್ನು ನೋಡಲಿಲ್ಲ. 1980ರ ಜುಲೈ 13ರಂದು ತೀರಿಕೊಂಡನು. ಆ ವರ್ಷವೇ ಪ್ರಾಥಮಿಕ ಶಾಲೆಯ ಫೀ ರದ್ದಾಗಿತ್ತು. ಅವನ ತರುವಾಯ ಮಸಿರೆಯವರು ಅಧ್ಯಕ್ಷರಾದರು. 1982ರಲ್ಲಿ ಬೋಟ್ಸ್ವಾನಾ ವಿಶ್ವವಿದ್ಯಾಲಯವು ಸ್ವತಂತ್ರವಾಗಿ ಸ್ಥಾಪಿತವಾಯಿತು. ಗಾಬೊರೋನೆಯಲ್ಲಿ ಅದರ ಆವರಣದಲ್ಲಿ ಒಂದು ಕಂಚಿನ ಪ್ರತಿಮೆಯಿದೆ. ಅದು ಅಧ್ಯಕ್ಷನದೂ ಅಲ್ಲ, ಅರಸನದೂ ಅಲ್ಲ. ಒಬ್ಬ ಸಾಮಾನ್ಯ ಮನುಷ್ಯನು ತನ್ನ ದನವೊಂದನ್ನು ಮುಂದೆ ಹೊಡೆದುಕೊಂಡು ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದಾನೆ.